ಪರದೇಶದಲ್ಲಿ ಮೊದಲ ವರ್ಷ: ಯಾವುದು ಮೊದಲು, ಯಾವುದು ಆಮೇಲೆ

ಹೊಸ ದೇಶದ ಅಂಗಡಿಯೊಂದರಲ್ಲಿ ಬಟ್ಟೆ ಸೋಪಿನ ಕಪಾಟಿನ ಮುಂದೆ ನಿಂತಿದ್ದೀರಿ ಎಂದುಕೊಳ್ಳಿ. ಎದುರಿಗೆ ಬಣ್ಣಬಣ್ಣದ ಬಾಟಲಿಗಳು. ಯಾವುದು ಸೋಪು, ಯಾವುದು ಬಟ್ಟೆ ಮೆತ್ತಗಾಗಲು ಹಾಕುವುದು, ಯಾವುದು ಬಿಳಿ ಬಟ್ಟೆಗೆ ಮಾತ್ರ, ಒಂದೂ ತಿಳಿಯುವುದಿಲ್ಲ. ಮೊಬೈಲ್ ತೆಗೆದು, ಲೇಬಲ್ ಮೇಲೆ ಕ್ಯಾಮೆರಾ ಹಿಡಿದು, ಅನುವಾದ ಮಾಡಿಸಿ, ಕೊನೆಗೆ ಒಂದು ಬಾಟಲಿ ಎತ್ತಿಕೊಳ್ಳುವ ಹೊತ್ತಿಗೆ ಕಾಲು ಗಂಟೆ ಹೋಗಿರುತ್ತದೆ. ಮನೆಗೆ ಬಂದು ನೋಡಿದರೆ ಅದು ಸೋಪೇ ಅಲ್ಲ. ಆಗ ಅಳು ಬಂದುಬಿಡುತ್ತದೆ. ಊರು ನೆನಪಾಗಿ ಅಳು ಬಂತು ಅಂತ ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ಅದಕ್ಕೆ ಕಾರಣ ಬರೀ ಸುಸ್ತು.

ಊರಲ್ಲಿ ಯೋಚನೆಯೇ ಇಲ್ಲದೆ ಮಾಡಿ ಮುಗಿಸುತ್ತಿದ್ದ ಕೆಲಸಗಳಿಗೆ ಇಲ್ಲಿ ಒಂದೊಂದಕ್ಕೂ ತಲೆ ಓಡಿಸಬೇಕು. ಬಸ್ಸಿಗೆ ಮುಂದಿನ ಬಾಗಿಲಿಂದ ಹತ್ತಬೇಕೋ ಹಿಂದಿನದರಿಂದಲೋ? ಕಸ ಯಾವ ದಿನ ಹೊರಗಿಡಬೇಕು? ಪಕ್ಕದ ಮನೆಯವರು ಎದುರಾದರೆ ನಗಬೇಕೋ, ಮಾತಾಡಿಸಬೇಕೋ, ಸುಮ್ನೆ ಹೋಗಬೇಕೋ? ದಿನದ ಕೊನೆಗೆ ಮೈಗಿಂತ ತಲೆಯೇ ಜಾಸ್ತಿ ದಣಿದಿರುತ್ತದೆ. ಆದ್ದರಿಂದ ಮೊದಲ ವರ್ಷದ ಬಗ್ಗೆ ನನ್ನದು ಒಂದೇ ಮಾತು. ಮನಸ್ಸು ಸರಿಹೋಗಲಿ, ಆಮೇಲೆ ಉಳಿದದ್ದು ನೋಡೋಣ ಅಂತ ಕಾಯಬೇಡಿ. ಸಣ್ಣಪುಟ್ಟ ಕೆಲಸಗಳು ಮತ್ತೆ ಯೋಚನೆಯಿಲ್ಲದೆ ನಡೆಯುವ ಹಾಗೆ ಮಾಡಿಕೊಳ್ಳಿ. ಮನಸ್ಸಿನ ಅರ್ಧ ಭಾರ ಅಲ್ಲೇ ಇಳಿಯುತ್ತದೆ. ಉಳಿದರ್ಧಕ್ಕೆ ಬೇರೆ ಮದ್ದು ಬೇಕು. ಅದಕ್ಕೆ ಆಮೇಲೆ ಬರೋಣ.

ಹೊರಡುವ ಮೊದಲು

ಕಾಗದಪತ್ರದ ಕೆಲಸ ಊರಲ್ಲಿದ್ದಾಗ ಒಂದು ದಿನದ್ದಾದರೆ, ಹೊರಗಿನಿಂದ ಅದೇ ಒಂದು ತಿಂಗಳದ್ದಾಗುತ್ತದೆ. ಜನನ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರ, ಪದವಿ ಮತ್ತು ಅಂಕಪಟ್ಟಿ, ಕೆಲಸದ ಅನುಭವ ಪತ್ರ, ಮಕ್ಕಳ ಲಸಿಕೆ ಕಾರ್ಡು, ಇವೆಲ್ಲದರ ಮೂಲಪ್ರತಿ ಕೈಚೀಲದಲ್ಲೇ ಇರಲಿ. ಬೇರೆ ದೇಶದಲ್ಲಿ ತೋರಿಸಬೇಕಾದ ದಾಖಲೆಗೆ, ಅದರ ಸಹಿ ಮೊಹರು ಅಸಲಿ ಎಂದು ದೃಢಪಡಿಸುವ ಅಪೊಸ್ಟೀಲ್ ಎಂಬ ಮುದ್ರೆ ಬೇಕಾಗಬಹುದು. 1961ರ ಹೇಗ್ ಒಪ್ಪಂದದಿಂದ ಬಂದ ವ್ಯವಸ್ಥೆ ಇದು. 120ಕ್ಕೂ ಹೆಚ್ಚು ದೇಶಗಳು ಇದನ್ನು ಒಪ್ಪುತ್ತವೆ. ಈ ಮುದ್ರೆ ಹಾಕಿಕೊಡುವುದು ದಾಖಲೆ ಕೊಟ್ಟ ದೇಶವೇ. ಅದಕ್ಕೇ ಹೊರಡುವ ಮೊದಲು ಮಾಡಿಸಿಕೊಳ್ಳುವುದು ಸುಲಭ.

ದಿನಾ ಔಷಧಿ ತೆಗೆದುಕೊಳ್ಳುವವರು ವೈದ್ಯರಿಂದ ಚೀಟಿ ಬರೆಸಿಕೊಳ್ಳುವಾಗ ಔಷಧಿಯ ಮೂಲ ರಾಸಾಯನಿಕ ಹೆಸರನ್ನೇ ಬರೆಸಿ. ಕಂಪನಿ ಇಟ್ಟ ಹೆಸರು ಗಡಿ ದಾಟಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕೆಲವು ದೇಶಗಳಲ್ಲಿ ನಿದ್ರೆ, ನೋವು, ಆತಂಕದ ಔಷಧಿಗಳ ಮೇಲೆ ಕಟ್ಟುನಿಟ್ಟಿನ ನಿಯಮ ಇರುತ್ತದೆ. ಮೊದಲೇ ವಿಚಾರಿಸಿ.

ಇನ್ನೊಂದು, ಬಹಳ ಜನ ಮರೆಯುವುದು: ಹಳೆಯ ಮೊಬೈಲ್ ನಂಬರ್. ಊರಿನ ಬ್ಯಾಂಕು ಕಳಿಸುವ ಓಟಿಪಿ ಆ ನಂಬರಿಗೇ ಬರುತ್ತದೆ. ಸಿಮ್ ಸತ್ತರೆ ನಿಮ್ಮದೇ ದುಡ್ಡು ನಿಮಗೆ ಸಿಗುವುದಿಲ್ಲ. ಕಡಿಮೆ ದುಡ್ಡಿನ ಪ್ಲಾನಿಗೆ ಬದಲಿಸಿ, ರೋಮಿಂಗ್‌ನಲ್ಲಿ ಮೆಸೇಜ್ ಬರುತ್ತದೆಯೇ ಅಂತ ಖಾತ್ರಿ ಮಾಡಿಕೊಂಡೇ ಹೊರಡಿ. ಮನೆ, ಜಮೀನು ಇದ್ದರೆ ನಂಬಿಕಸ್ಥರ ಹೆಸರಿಗೆ ಅಧಿಕಾರ ಪತ್ರ ಮಾಡಿಸಿ, ಯಾವ ಕೆಲಸಕ್ಕೆ ಮಾತ್ರ ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ಬರೆಸಿ.

ಬಂದಿಳಿದ ಮೇಲಿನ ಮೊದಲ ಹದಿನೈದು ದಿನ

ಮೊದಲು ನಿದ್ದೆ. ಹಲವು ಕಾಲವಲಯ ದಾಟಿ ಬಂದ ದೇಹ ಸರಿಹೋಗಲು ವಲಯಕ್ಕೆ ಒಂದು ದಿನದಂತೆ ಬೇಕು ಎಂಬುದು ಸಾಮಾನ್ಯ ಲೆಕ್ಕ. ಪೂರ್ವದ ಕಡೆ ಹಾರಿದವರಿಗೆ ಕಷ್ಟ ಸ್ವಲ್ಪ ಜಾಸ್ತಿ. ಈ ದಿನಗಳಲ್ಲಿ ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗಿ "ಯಾಕಾದರೂ ಬಂದೆನೋ" ಅನ್ನಿಸಿದರೆ, ಆ ಯೋಚನೆಗೆ ಹೆಚ್ಚು ಬೆಲೆ ಕೊಡಬೇಡಿ. ನಿದ್ದೆಗೆಟ್ಟ ತಲೆ ಆಡುವ ಮಾತು ಅದು. ಹಗಲಲ್ಲಿ ಹೊರಗಿನ ಬೆಳಕಿಗೆ ಹೋಗಿ, ಅಲ್ಲಿಯ ಹೊತ್ತಿಗೇ ಊಟ ಮಾಡಿ, ಅಲ್ಲಿಯ ರಾತ್ರಿಗೇ ಮಲಗಿ.

ಆಮೇಲೆ ಶುರುವಾಗುತ್ತದೆ ಸುತ್ತಾಟ. ಬ್ಯಾಂಕ್ ಖಾತೆಗೆ ವಿಳಾಸದ ಪುರಾವೆ ಬೇಕು. ಮನೆ ಬಾಡಿಗೆಗೆ ಬ್ಯಾಂಕ್ ಖಾತೆ ಬೇಕು. ಎರಡಕ್ಕೂ ಅಲ್ಲಿಯ ಫೋನ್ ನಂಬರ್ ಬೇಕು. ಈ ಸುತ್ತನ್ನು ಒಡೆಯಲು ಮೊದಲು ಪ್ರೀಪೇಯ್ಡ್ ಸಿಮ್ ತೆಗೆದುಕೊಳ್ಳಿ. ಆಮೇಲೆ ಕೆಲಸ ಕೊಟ್ಟವರಿಂದಲೋ ವಿಶ್ವವಿದ್ಯಾಲಯದಿಂದಲೋ ನಿಮ್ಮ ತಾತ್ಕಾಲಿಕ ವಿಳಾಸ ಇರುವ ಪತ್ರ ಕೇಳಿ. ಎಷ್ಟೋ ಬ್ಯಾಂಕುಗಳು ಆ ಪತ್ರಕ್ಕೆ ಖಾತೆ ತೆರೆಯುತ್ತವೆ. ಹೊಸದಾಗಿ ಬಂದವರು ಸ್ಥಳೀಯ ಕಚೇರಿಯಲ್ಲಿ ಹೆಸರು ನೋಂದಾಯಿಸಲೇಬೇಕಾದ ದೇಶಗಳಿವೆ. ಅಲ್ಲಿ ಅದಕ್ಕೆ ಗಡುವೂ ಇರುತ್ತದೆ. ಹಾಗಿದ್ದರೆ ಆ ಕೆಲಸವೇ ಮೊದಲು, ಯಾಕೆಂದರೆ ಆ ನೋಂದಣಿ ಚೀಟಿಯೇ ಮುಂದಿನ ಎಲ್ಲದಕ್ಕೂ ಪುರಾವೆ.

ಪ್ರತಿ ಅರ್ಜಿಯಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಹೆಸರು ಬರೆಯಿರಿ. ಇನಿಷಿಯಲ್ ಇರುವವರು, ಒಂದೇ ಹೆಸರಿನವರು ಇದನ್ನು ಎರಡೆರಡು ಸಲ ನೋಡಿಕೊಳ್ಳಬೇಕು. ಬ್ಯಾಂಕಿನಲ್ಲಿ ಒಂದು ಥರ, ತೆರಿಗೆ ಕಚೇರಿಯಲ್ಲಿ ಇನ್ನೊಂದು ಥರ ಹೆಸರು ಕೂತರೆ ಅದನ್ನು ಸರಿಮಾಡಿಸಲು ವರ್ಷಗಟ್ಟಲೆ ಪತ್ರ ಬರೆಯುತ್ತಿರಬೇಕಾಗುತ್ತದೆ.

ಮನೆ ನೋಡದೆ, ಫೋಟೋ ನಂಬಿ ಮುಂಗಡ ಕಳಿಸಬೇಡಿ. ಕೀಲಿ ಕೈಗೆ ಬಂದ ದಿನವೇ ಗೋಡೆಯ ಕಲೆ, ಕಿಟಕಿಯ ಬಿರುಕು, ಒಲೆ, ನಲ್ಲಿ ಎಲ್ಲದರ ಫೋಟೋ ತೆಗೆದು ಮನೆ ಮಾಲೀಕರಿಗೆ ಇಮೇಲ್ ಮಾಡಿ. ಬಿಡುವಾಗ ಠೇವಣಿ ವಾಪಸ್ ಬರುವುದು ಈ ಫೋಟೋಗಳ ಬಲದ ಮೇಲೆ. ಇನ್ನು, ವಲಸೆ ಇಲಾಖೆಯಿಂದ ಅಂತ ಹೇಳಿ ಫೋನ್ ಬಂದು, "ನಿಮ್ಮ ಕಾಗದದಲ್ಲಿ ತಪ್ಪಿದೆ, ಈಗಲೇ ದುಡ್ಡು ಕಟ್ಟದಿದ್ದರೆ ಗಡೀಪಾರು" ಅಂದರೆ ಫೋನ್ ಇಟ್ಟುಬಿಡಿ. ಹೊಸಬರ ಹೆದರಿಕೆಯ ಮೇಲೆ ಬದುಕುವ ವಂಚಕರು ಅವರು. ಯಾವ ಸರ್ಕಾರಿ ಇಲಾಖೆಯೂ ಗಿಫ್ಟ್ ಕಾರ್ಡಿನಲ್ಲಿ ದಂಡ ಕೇಳುವುದಿಲ್ಲ. ಅನುಮಾನ ಇದ್ದರೆ ಇಲಾಖೆಯ ಅಧಿಕೃತ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ.

ತುರ್ತು ಸಹಾಯದ ನಂಬರನ್ನು ಮನೆಯವರೆಲ್ಲ ಬಾಯಿಪಾಠ ಮಾಡಿ. ಯುರೋಪಿಯನ್ ಒಕ್ಕೂಟದ ಎಲ್ಲ ದೇಶಗಳಲ್ಲೂ 112, ಅಮೆರಿಕ ಮತ್ತು ಕೆನಡಾದಲ್ಲಿ 911, ಬ್ರಿಟನ್ನಿನಲ್ಲಿ 999, ಆಸ್ಟ್ರೇಲಿಯಾದಲ್ಲಿ 000, ನ್ಯೂಜಿಲೆಂಡಿನಲ್ಲಿ 111. ನಂಬರಿನ ಕೆಳಗೆ ಮನೆಯ ವಿಳಾಸವನ್ನೂ ಬರೆದು ಬಾಗಿಲ ಬಳಿ ಅಂಟಿಸಿ. ಗಾಬರಿಯಲ್ಲಿ ಹೊಸ ಬೀದಿಯ ಹೆಸರು ನಾಲಿಗೆಗೆ ಬರುವುದಿಲ್ಲ.

ಆರೋಗ್ಯವಾಗಿರುವಾಗಲೇ ಕುಟುಂಬ ವೈದ್ಯರಲ್ಲಿ ಹೆಸರು ನೋಂದಾಯಿಸಿ. ನೇರವಾಗಿ ತಜ್ಞರ ಬಳಿ ಹೋಗಲು ಆಗದ ದೇಶಗಳು ಬಹಳ. ಮೊದಲು ಈ ವೈದ್ಯರು ಪತ್ರ ಕೊಡಬೇಕು. ಜ್ವರ ಬಂದ ದಿನ ಈ ಪದ್ಧತಿ ಕಲಿಯಲು ಹೊರಟರೆ ಆಗುವುದಿಲ್ಲ.

ದಿನಕ್ಕೊಂದು ಆಕಾರ ಕೊಡಿ

ಕಾಗದದ ಗಲಾಟೆ ತಣ್ಣಗಾದ ಮೇಲೆ, ಎರಡು ಮೂರು ತಿಂಗಳು ಬೇಕೆಂದೇ ಒಂದೇ ಥರ ಬದುಕಿ. ಎಲ್ಲವನ್ನೂ ನೋಡಬೇಕು, ಎಲ್ಲ ಕಡೆ ಸುತ್ತಬೇಕು ಎಂಬ ಆಸೆ ಆಗ ಜೋರಾಗಿರುತ್ತದೆ. ಸ್ವಲ್ಪ ತಡೆದುಕೊಳ್ಳಿ. ಒಂದೇ ಅಂಗಡಿ, ಒಂದೇ ಬಸ್ಸು, ಸಂಜೆ ಒಂದೇ ದಾರಿಯಲ್ಲಿ ನಡಿಗೆ, ವಾರಕ್ಕೊಮ್ಮೆ ಅದೇ ಗ್ರಂಥಾಲಯ. ಹೀಗೆ ಮಾಡಿದರೆ ಎರಡು ಲಾಭ. ತೀರ್ಮಾನಗಳು ಕಡಿಮೆಯಾಗಿ ತಲೆಗೆ ಬಿಡುವು ಸಿಗುತ್ತದೆ. ಜೊತೆಗೆ ಮುಖಗಳು ಪರಿಚಯವಾಗುತ್ತವೆ. ಯಾವುದನ್ನಾದರೂ ಮತ್ತೆ ಮತ್ತೆ ನೋಡುವುದರಿಂದಲೇ ಅದರ ಮೇಲೆ ಇಷ್ಟ ಹುಟ್ಟುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯೆನ್ಸ್ 1968ರಲ್ಲಿ ತೋರಿಸಿದರು. ಬೀದಿಗೂ ಮನುಷ್ಯರಿಗೂ ಇದು ಹೊಂದುತ್ತದೆ. ಅಂಗಡಿಯ ಗಲ್ಲೆಯಲ್ಲಿ ಕೂತವರು ಒಂದು ದಿನ ನಿಮ್ಮನ್ನು ನೋಡಿ ತಲೆಯಾಡಿಸುತ್ತಾರೆ. ನೋಡಲು ಏನೂ ಅಲ್ಲ. ಆದರೆ ಆ ಊರಿನಲ್ಲಿ ನಿಮ್ಮನ್ನು ಗುರುತಿಸುವ ಒಬ್ಬರು ಇದ್ದಾರೆ ಅಂತಾಯಿತಲ್ಲ.

ಮಾತಿನ ತೊಂದರೆ

ಊರಲ್ಲಿ ಮಾತಿನ ಮಲ್ಲ ಅನ್ನಿಸಿಕೊಂಡವರು ಇಲ್ಲಿ ಮೂಕರಾಗುತ್ತಾರೆ. ವ್ಯಾಕರಣ ಗೊತ್ತಿರುತ್ತದೆ, ಪದಗಳೂ ಗೊತ್ತಿರುತ್ತವೆ. ಆದರೆ ನಾಲ್ಕು ಜನ ಊಟಕ್ಕೆ ಕೂತಾಗ ಒಂದು ಚಟಾಕಿ ಹಾರಿಸಬೇಕು ಅಂತ ಮನಸ್ಸಿನಲ್ಲೇ ವಾಕ್ಯ ಕಟ್ಟುವ ಹೊತ್ತಿಗೆ ಅವರ ಮಾತು ಬೇರೆ ಕಡೆ ಹೋಗಿರುತ್ತದೆ. ನೀವು ಸುಮ್ಮನೆ ನಗುತ್ತೀರಿ. ಅವರ ಲೆಕ್ಕದಲ್ಲಿ ನೀವು ಮೆದು ಸ್ವಭಾವದವರು, ಹೆಚ್ಚು ಮಾತಾಡದವರು. ನೀವು ಹಾಗಲ್ಲ ಅಂತ ಗೊತ್ತಿರುವವರು ಸಾವಿರಾರು ಮೈಲಿ ದೂರ. ಪರದೇಶದ ಕಷ್ಟಗಳಲ್ಲಿ ಇದು ದೊಡ್ಡದು ಅಂತ ನನ್ನ ಅನಿಸಿಕೆ. ಇದರ ಬಗ್ಗೆ ಯಾರೂ ಮೊದಲೇ ಹೇಳುವುದೂ ಇಲ್ಲ.

ಗುಂಪಿನಲ್ಲಿ ಮಾತಾಡುವುದು ಎಲ್ಲಕ್ಕಿಂತ ಕಷ್ಟ. ಒಬ್ಬರ ಜೊತೆ ಒಬ್ಬರು ಮಾತಾಡುವುದು ಸುಲಭ. ಹಾಗಾಗಿ ಗುಂಪಿನ ಊಟಕ್ಕೆ ಹೋಗಿ ಒದ್ದಾಡುವ ಬದಲು, ಸಹೋದ್ಯೋಗಿ ಒಬ್ಬರನ್ನು ಕಾಫಿಗೆ ಕರೆಯಿರಿ. ಫೋನ್ ಕರೆ ಭಯ ಹುಟ್ಟಿಸುತ್ತದೆ, ಯಾಕೆಂದರೆ ತುಟಿ, ಕಣ್ಣು, ಕೈ ಯಾವುದೂ ಕಾಣುವುದಿಲ್ಲ. ಕರೆ ಮಾಡುವ ಮೊದಲು ಕಾಗದದ ಮೇಲೆ ಮೂರು ಸಾಲು ಬರೆದುಕೊಳ್ಳಿ: ನಾನು ಯಾರು, ಏನು ಬೇಕು, ನನ್ನ ಅರ್ಜಿ ಸಂಖ್ಯೆ ಏನು. "ಸ್ವಲ್ಪ ನಿಧಾನವಾಗಿ ಹೇಳುತ್ತೀರಾ?", "ಇದನ್ನು ಇಮೇಲ್‌ನಲ್ಲಿ ಕಳಿಸಬಹುದಾ?" ಎಂಬ ಎರಡು ವಾಕ್ಯಗಳನ್ನು ಅವರ ಭಾಷೆಯಲ್ಲಿ ಬಾಯಿಗೆ ಬರುವವರೆಗೆ ಅಭ್ಯಾಸ ಮಾಡಿ. ಆಸ್ಪತ್ರೆಗೆ, ನ್ಯಾಯಾಲಯಕ್ಕೆ ಹೋಗುವಾಗ ದುಭಾಷಿ ಬೇಕು ಅಂತ ಮೊದಲೇ ಕೇಳಿ. ಎಷ್ಟೋ ಕಡೆ ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಮಕ್ಕಳನ್ನು ದುಭಾಷಿ ಮಾಡಬೇಡಿ. ಅವರು ಭಾಷೆ ಬೇಗ ಕಲಿಯುತ್ತಾರೆ ನಿಜ. ಆದರೆ ಅಮ್ಮನ ರೋಗದ ವಿಷಯ, ಅಪ್ಪನ ಸಾಲದ ವಿಷಯ ಹತ್ತು ವರ್ಷದ ಮಗುವಿನ ಬಾಯಲ್ಲಿ ಹಾದು ಹೋಗಬಾರದು. ಇನ್ನೊಂದು ಮಾತು. ಹೊಸ ಶಾಲೆಗೆ ಸೇರಿದ ಸಣ್ಣ ಮಕ್ಕಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತರಗತಿಯಲ್ಲಿ ಬಾಯಿ ಬಿಡದೆ ಇರಬಹುದು. ಕೇಳಿಸಿಕೊಂಡು ಒಳಗೆ ತುಂಬಿಕೊಳ್ಳುವ ಹೊತ್ತು ಅದು. ಗಾಬರಿಯಾಗಿ ಮನೆಯಲ್ಲೂ ಹೊಸ ಭಾಷೆಯನ್ನೇ ಆಡಲು ಶುರು ಮಾಡಬೇಡಿ. ಮನೆಮಾತು ಮನೆಯಲ್ಲಿರಲಿ. 13 ದೇಶಗಳಲ್ಲಿ ವಲಸೆ ಬಂದ ಕುಟುಂಬಗಳ 5,000ಕ್ಕೂ ಹೆಚ್ಚು ಹದಿಹರೆಯದವರನ್ನು ಗಮನಿಸಿದ ಜಾನ್ ಬೆರ್ರಿ ಮತ್ತು ಸಂಗಡಿಗರ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ತಮ್ಮ ಮನೆಯ ಸಂಸ್ಕೃತಿ, ಹೊಸ ದೇಶದ ಸಂಸ್ಕೃತಿ ಎರಡನ್ನೂ ಹಿಡಿದುಕೊಂಡ ಮಕ್ಕಳೇ ಅದರಲ್ಲಿ ಚೆನ್ನಾಗಿ ಹೊಂದಿಕೊಂಡಿದ್ದರು. ಒಂದನ್ನು ಬಿಟ್ಟರೆ ಇನ್ನೊಂದು ಬೇಗ ಬರುತ್ತದೆ ಎಂಬ ಲೆಕ್ಕಾಚಾರಕ್ಕೆ ಅರ್ಥವಿಲ್ಲ.

ಸಂಗಾತಿಯಾಗಿ ಬಂದವರು

ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಕೆಲಸ ಸಿಕ್ಕಿ ಇನ್ನೊಬ್ಬರು ಜೊತೆಗೆ ಬಂದಿದ್ದರೆ, ಹೆಚ್ಚು ಕಷ್ಟ ಆ ಎರಡನೆಯವರದ್ದು. ಕೆಲಸಕ್ಕೆ ಹೋಗುವವರಿಗೆ ಬೆಳಿಗ್ಗೆ ಹೊರಡಲು ಒಂದು ಜಾಗ ಇದೆ, ಹೆಸರು ಹಿಡಿದು ಕರೆಯುವವರಿದ್ದಾರೆ, ತಿಂಗಳ ಕೊನೆಗೆ ಸಂಬಳ ಇದೆ. ಮನೆಯಲ್ಲಿ ಉಳಿದವರಿಗೆ ಬಾಗಿಲು ಮುಚ್ಚಿದ ಸದ್ದು, ಆಮೇಲೆ ಸಂಜೆವರೆಗೆ ನಿಶ್ಶಬ್ದ. ಸಂಜೆ ಸುಸ್ತಾಗಿ ಬಂದವರಿಗೆ ಮಾತು ಬೇಡ. ದಿನವಿಡೀ ಮಾತಿಲ್ಲದೆ ಕೂತವರಿಗೆ ಮಾತೇ ಬೇಕು. ಜಗಳ ಶುರುವಾಗುವುದು ಇಲ್ಲಿ. ಇಬ್ಬರಲ್ಲಿ ಯಾರದ್ದೂ ತಪ್ಪಿರುವುದಿಲ್ಲ.

ಮೊದಲ ತಿಂಗಳಲ್ಲೇ, ಜೊತೆಗೆ ಬಂದವರ ಹೆಸರಿನಲ್ಲಿ ಸ್ವಂತ ಸಿಮ್, ಸ್ವಂತ ಬ್ಯಾಂಕ್ ಕಾರ್ಡು, ಸ್ವಂತ ಬಸ್ ಪಾಸು ಆಗಲಿ. ಪಾಸ್‌ಪೋರ್ಟು ಅವರ ಕೈಯಲ್ಲೇ ಇರಲಿ. ಅವರ ವೀಸಾದಲ್ಲಿ ಕೆಲಸ ಮಾಡಲು ಅನುಮತಿ ಇದೆಯೇ, ಓದಲು ಇದೆಯೇ ಎಂಬುದನ್ನು ಲಿಖಿತ ನಿಯಮದಲ್ಲೇ ಓದಿ. ಸ್ನೇಹಿತರು ಹೇಳಿದ್ದು ಅವರ ವೀಸಾದ ಕಥೆ. ವಾರಕ್ಕೆ ಒಂದು ದಿನವಾದರೂ ಒಬ್ಬರೇ ಹೋಗಿ ಬರುವ ಒಂದು ಕೆಲಸ ಬೇಕು. ಭಾಷಾ ತರಗತಿ, ಈಜು, ಸ್ವಯಂಸೇವೆ, ಯಾವುದಾದರೂ ಸರಿ. ಸಂಬಳವಿಲ್ಲದ ಸ್ವಯಂಸೇವೆಗೂ ಅನುಮತಿ ಬೇಕಾದ ದೇಶಗಳಿವೆ, ಕೇಳಿಕೊಂಡು ಸೇರಿ.

ವೈದ್ಯರು, ದಾದಿಯರು, ವಕೀಲರು, ಶಿಕ್ಷಕರು, ಎಲೆಕ್ಟ್ರಿಷಿಯನ್ನರು ಹೊಸ ದೇಶದಲ್ಲಿ ತಮ್ಮ ಕೆಲಸವನ್ನೇ ಮಾಡಬೇಕೆಂದರೆ ಪರವಾನಗಿ ಪಡೆಯಬೇಕು. ಪರೀಕ್ಷೆ, ತರಬೇತಿ ಎಲ್ಲ ಸೇರಿ ವರ್ಷಗಳೇ ಹಿಡಿಯಬಹುದು. ಆ ನಡುವೆ ಗೋದಾಮಿನಲ್ಲೋ ಅಂಗಡಿಯಲ್ಲೋ ದುಡಿಯಬೇಕಾಗಿ ಬಂದರೆ ಅವಮಾನ ಅನ್ನಿಸುತ್ತದೆ. ಅನ್ನಿಸಲಿ. ಆದರೆ ಪರವಾನಗಿಯ ಅರ್ಜಿ ಮಾತ್ರ ನಿಲ್ಲಬಾರದು. ಆ ದಾರಿಯ ಮುಂದಿನ ಒಂದು ಹೆಜ್ಜೆ ಯಾವುದು, ಅದರ ದಿನಾಂಕ ಯಾವುದು ಎಂಬುದು ಕ್ಯಾಲೆಂಡರಿನಲ್ಲಿ ಸದಾ ಬರೆದಿರಲಿ.

ಮನಸ್ಸಿನ ಕುಸಿತ ಬಂದೇ ಬರುತ್ತದೆಯೇ?

ಮಾನವಶಾಸ್ತ್ರಜ್ಞ ಕಾಲೆರ್ವೊ ಓಬರ್ಗ್ 1954ರಲ್ಲಿ ರಿಯೊ ಡಿ ಜನೈರೊದಲ್ಲಿ ಮಾಡಿದ ಒಂದು ಭಾಷಣದಲ್ಲಿ ಪರದೇಶಕ್ಕೆ ಹೋದವರು ಹಾದುಹೋಗುವ ಹಂತಗಳನ್ನು ವಿವರಿಸಿದರು. ಮೊದಲು ಮಧುಚಂದ್ರದ ಹಿಗ್ಗು, ಆಮೇಲೆ ಸಿಟ್ಟು ಮತ್ತು ಕುಸಿತ, ಆಮೇಲೆ ಚೇತರಿಕೆ, ಕೊನೆಗೆ ಹೊಂದಾಣಿಕೆ. ಮರುವರ್ಷ, ಅಮೆರಿಕಕ್ಕೆ ಹೋಗಿ ಬಂದ ನಾರ್ವೆಯ ವಿದ್ವಾಂಸರನ್ನು ಗಮನಿಸಿದ ಸ್ವೆರೆ ಲಿಸ್‌ಗೋರ್ ಕೂಡ ಇಳಿದು ಮತ್ತೆ ಏರುವ ಇಂಥದ್ದೇ ರೇಖೆಯನ್ನು ಕಂಡರು. ಇಂದಿಗೂ ವಲಸೆಯ ಬಗ್ಗೆ ಬರುವ ಲೇಖನಗಳಲ್ಲಿ ಇದೇ ಚಿತ್ರ.

ಆದರೆ ಇದನ್ನು ಪಂಚಾಂಗದ ಹಾಗೆ ಓದಬೇಡಿ. ಕೊಲೀನ್ ವಾರ್ಡ್ ಮತ್ತು ಸಂಗಡಿಗರು ನ್ಯೂಜಿಲೆಂಡಿಗೆ ಬಂದ ಜಪಾನೀ ವಿದ್ಯಾರ್ಥಿಗಳನ್ನು ಬಂದ ದಿನದಿಂದಲೇ ಹಿಂಬಾಲಿಸಿ ನೋಡಿದರು. 1998ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮಧುಚಂದ್ರವೇ ಕಾಣಲಿಲ್ಲ. ಕಷ್ಟ ಎಲ್ಲಕ್ಕಿಂತ ಹೆಚ್ಚಾಗಿದ್ದದ್ದು ಬಂದಿಳಿದಾಗಲೇ. ಹಾಗಾಗಿ ಮೊದಲ ವಾರದಲ್ಲೇ ನಿಮಗೆ ಬೇಸರ ಬಂದರೆ "ಎಲ್ಲರಿಗೂ ಮೊದಲು ಖುಷಿಯಂತೆ, ನನಗೆ ಮಾತ್ರ ಯಾಕೆ ಹೀಗೆ" ಅಂತ ಕೊರಗಬೇಕಾಗಿಲ್ಲ. ಬೇಸರ ಬಂತು ಅಂದ ಮಾತ್ರಕ್ಕೆ ಬಂದದ್ದೇ ತಪ್ಪು ಅಂತಲೂ ಅಲ್ಲ.

ಸಮಭಾಜಕದಿಂದ ದೂರದ ದೇಶಗಳಲ್ಲಿ ಬೇಸರಕ್ಕೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ: ಬೆಳಕು. ಚಳಿಗಾಲದಲ್ಲಿ ಕತ್ತಲಲ್ಲೇ ಕೆಲಸಕ್ಕೆ ಹೋಗಿ ಕತ್ತಲಲ್ಲೇ ವಾಪಸ್ ಬರುತ್ತೀರಿ. ಪ್ರತಿ ಚಳಿಗಾಲದಲ್ಲೂ ಮರುಕಳಿಸುವ ಖಿನ್ನತೆಯನ್ನು ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲೇ ವಿವರಿಸಿದ್ದಾರೆ. ಮೋಡ ಇದ್ದರೂ ಸರಿ, ಬೆಳಿಗ್ಗೆ ಅರ್ಧ ಗಂಟೆ ಹೊರಗೆ ನಡೆಯಿರಿ. ಇದಕ್ಕೆಂದೇ 10,000 ಲಕ್ಸ್ ಬೆಳಕಿನ ದೀಪಗಳು ಸಿಗುತ್ತವೆ. ಕಣ್ಣಿನ ತೊಂದರೆ ಇರುವವರು, ಬೇರೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಬಳಸಿ. ಕಪ್ಪು, ಕಂದು ಮೈಬಣ್ಣದವರ ಚರ್ಮ ವಿಟಮಿನ್ ಡಿ ತಯಾರಿಸಿಕೊಳ್ಳುವುದು ನಿಧಾನ. ಬಿಸಿಲು ಕಡಿಮೆಯಿರುವ ದೇಶಕ್ಕೆ ಬಂದಿದ್ದರೆ ಅದನ್ನೂ ವೈದ್ಯರ ಬಳಿ ಕೇಳಿ.

ಬೇಸರಕ್ಕೂ ಕಾಯಿಲೆಗೂ ಗೆರೆ ಎಲ್ಲಿ? ಹೆಚ್ಚು ಕಡಿಮೆ ದಿನಾ, ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಇಷ್ಟದ ಕೆಲಸವೂ ಬೇಡವಾಗಿದ್ದರೆ ವೈದ್ಯರಲ್ಲಿಗೆ ಹೋಗಿ. ಸಾಯಬೇಕು ಅನ್ನಿಸಿದರೆ ನಾಳೆಗೆ ಇಡಬೇಡಿ. ಅವತ್ತೇ ಅಲ್ಲಿಯ ಸಹಾಯವಾಣಿಗೋ ತುರ್ತು ನಂಬರಿಗೋ ಫೋನ್ ಮಾಡಿ, ಪಕ್ಕದಲ್ಲಿ ಯಾರಾದರೂ ಇರುವಂತೆ ನೋಡಿಕೊಳ್ಳಿ. ಮನಸ್ಸಿನ ಮಾತನ್ನು ಎರಡನೆಯ ಭಾಷೆಯಲ್ಲಿ ಹೇಳುವುದು ಕಷ್ಟ. ನಿಮ್ಮ ಭಾಷೆ ಬಲ್ಲ ಆಪ್ತಸಲಹೆಗಾರರು ವಿಡಿಯೊ ಕರೆಯಲ್ಲೂ ಸಿಗುತ್ತಾರೆ.

ಸ್ನೇಹಕ್ಕೆ ಬೇಕಾದ ಗಂಟೆಗಳು

ಒಂಟಿತನಕ್ಕೆ ಜನರೇ ಮದ್ದು, ಬೇರೆ ದಾರಿಯಿಲ್ಲ. ಆದರೆ ಆ ಮದ್ದು ತಯಾರಾಗಲು ಸಮಯ ಹಿಡಿಯುತ್ತದೆ. ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಒಂದು ಅಂದಾಜು ಕೊಟ್ಟರು. ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು, ಸ್ನೇಹಿತರು ಅನ್ನಿಸಿಕೊಳ್ಳಲು 90 ಗಂಟೆ, ಆಪ್ತರಾಗಲು 200ಕ್ಕೂ ಹೆಚ್ಚು. ವಾರಕ್ಕೆ ಎರಡು ಗಂಟೆ ಸಿಕ್ಕಿದರೂ ಮೊದಲ ಮೆಟ್ಟಿಲಿಗೇ ಆರು ತಿಂಗಳು. ಊರಿನ ಸ್ನೇಹಿತರ ಜೊತೆ ಶಾಲೆಯ ಬೆಂಚಿನ ಮೇಲೆ ಕೂತೇ ಎಷ್ಟು ಸಾವಿರ ಗಂಟೆ ಕಳೆದಿದ್ದೆವೋ ಏನೋ, ಯಾರು ಲೆಕ್ಕ ಇಟ್ಟರು! "ಇಲ್ಲಿಯ ಜನ ಹಚ್ಚಿಕೊಳ್ಳುವುದಿಲ್ಲ" ಅಂತ ಮೂರನೆಯ ತಿಂಗಳಿಗೇ ತೀರ್ಪು ಕೊಡುವವರು ಈ ಲೆಕ್ಕ ಒಮ್ಮೆ ನೋಡಬೇಕು.

ಇದರ ಅರ್ಥ ಇಷ್ಟೇ. ಒಂದು ಸಲ ಹೋಗಿ ಬರುವ ಪಾರ್ಟಿಗಿಂತ ಪ್ರತಿ ವಾರ ಅದೇ ಜನ ಅದೇ ಜಾಗದಲ್ಲಿ ಸೇರುವ ಚಟುವಟಿಕೆ ಮೇಲು. ಹಾಡಿನ ತಂಡ, ಬ್ಯಾಡ್ಮಿಂಟನ್, ಸಂಜೆ ತರಗತಿ, ಸಮುದಾಯ ತೋಟ. ಮೊದಲ ನಾಲ್ಕು ವಾರ ಮೂಲೆಯಲ್ಲಿ ನಿಂತಿರುತ್ತೀರಿ. ಐದನೆಯ ವಾರವೂ ಹೋಗಿ.

ನಮ್ಮ ಭಾಷೆಯವರ ಬಳಗದ ಬಗ್ಗೆ ಎರಡು ಮಾತು. ಮೊದಲ ದಿನಗಳಲ್ಲಿ ಅವರಷ್ಟು ನೆರವಾಗುವವರು ಬೇರೆ ಇಲ್ಲ. ಯಾವ ಡಾಕ್ಟರು, ಯಾವ ಶಾಲೆ, ಯಾವ ಬೀದಿಯಲ್ಲಿ ಮನೆ ಬೇಡ, ಎಲ್ಲ ಹೇಳಿಕೊಡುತ್ತಾರೆ. ಅವರ ಮುಂದೆ ನಿಮ್ಮ ಚಟಾಕಿಗೂ ಜೀವ ಬರುತ್ತದೆ. ಆದರೆ ಬಳಗವೆಂದರೆ ಗುಸುಗುಸು, ಹೋಲಿಕೆ, ಯಾರ ಮನೆ ದೊಡ್ಡದು ಎಂಬ ಲೆಕ್ಕವೂ ಇರುತ್ತದೆ. ವಾರದ ಎಲ್ಲ ಸಂಜೆಗಳನ್ನೂ ಅಲ್ಲೇ ಕಳೆಯಬೇಡಿ. ವೀಸಾ, ತೆರಿಗೆ ವಿಷಯದಲ್ಲಿ ಬಳಗದವರ ಮಾತೇ ಕೊನೆ ಅಂತ ನಂಬಲೂ ಬೇಡಿ.

ಊರಿನ ಫೋನು

"ಹೇಗಿದ್ದೀಯಪ್ಪಾ?"
"ಚೆನ್ನಾಗಿದ್ದೀನಮ್ಮ. ನೀನು?"
"ನಮಗೇನು, ಚೆನ್ನಾಗಿದ್ದೀವಿ. ನಿನ್ನ ಊಟ ಆಯ್ತಾ?"

ಈ ಮಾತುಕತೆಯಲ್ಲಿ ಇಬ್ಬರೂ ಸುಳ್ಳು ಹೇಳುತ್ತಿರಬಹುದು. ಮಗನಿಗೆ ಕೆಲಸದಲ್ಲಿ ತೊಂದರೆ. ಅಮ್ಮ ಹೋದ ವಾರ ಜಾರಿ ಬಿದ್ದಿದ್ದಾರೆ. ಒಬ್ಬರಿಗೊಬ್ಬರು ನೋವಾಗಬಾರದು ಅಂತ ಮುಚ್ಚಿಟ್ಟು ಮುಚ್ಚಿಟ್ಟು, ಕೊನೆಗೆ ಒಬ್ಬರ ಬದುಕು ಇನ್ನೊಬ್ಬರಿಗೆ ಗೊತ್ತೇ ಇರುವುದಿಲ್ಲ. ಎಲ್ಲ ಕಷ್ಟವನ್ನೂ ವಯಸ್ಸಾದವರ ಮೇಲೆ ಸುರಿಯಿರಿ ಅಂತ ನಾನು ಹೇಳುತ್ತಿಲ್ಲ. ದಿನಕ್ಕೊಂದು ನಿಜವಾದ ಸಣ್ಣ ವಿಷಯ ಹೇಳಿ ಸಾಕು. ಇವತ್ತು ಬಸ್ ತಪ್ಪಿತು, ಪಕ್ಕದ ಮನೆಯವರು ಮಾತಾಡಿಸಿದರು, ಇಷ್ಟೇ. ಅವರ ಕಡೆಯಿಂದಲೂ ಆಗ ನಿಜ ಬರತೊಡಗುತ್ತದೆ. ಕರೆಗೆ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಯಾವಾಗ ಬೇಕಾದರೂ ಮಾಡಬಹುದು ಅಂದರೆ ಎರಡೂ ಕಡೆ ಬರೀ ಕಾಯುವುದೇ ಆಗುತ್ತದೆ.

ಅಣ್ಣನೋ ಅಕ್ಕನೋ ನಂಬಿಕೆಯ ನೆರೆಯವರೋ, ಒಬ್ಬರ ಹತ್ತಿರ ಮಾತ್ರ ಒಪ್ಪಂದ ಮಾಡಿಕೊಳ್ಳಿ: "ಏನೇ ಆದರೂ ಅವತ್ತೇ ನನಗೆ ನಿಜ ಹೇಳಬೇಕು." ದುಡ್ಡು ಕಳಿಸುವುದಿದ್ದರೆ ತಿಂಗಳಿಗೆ ಇಷ್ಟು ಅಂತ ಮೊದಲೇ ತೀರ್ಮಾನಿಸಿ, ನಿಮ್ಮ ಬಾಡಿಗೆ ಎಷ್ಟು ಎಂಬುದನ್ನೂ ಅವರಿಗೆ ತಿಳಿಸಿ. ಸಂಬಳ ಗೊತ್ತಿದ್ದು ಖರ್ಚು ಗೊತ್ತಿಲ್ಲದಿದ್ದರೆ ಅವರ ಲೆಕ್ಕ ತಪ್ಪುವುದು ಸಹಜ.

ಯಾರೂ ಯೋಚಿಸಲು ಇಷ್ಟಪಡದ ಕೆಲಸ ಇನ್ನೊಂದಿದೆ. ರಾತ್ರೋರಾತ್ರಿ ಊರಿಗೆ ಹೊರಡಬೇಕಾಗಿ ಬಂದರೆ? ವಿಮಾನದ ಟಿಕೆಟ್ಟಿನಷ್ಟು ದುಡ್ಡು ಬೇರೆ ಖಾತೆಯಲ್ಲಿ ಇರಲಿ. ಪಾಸ್‌ಪೋರ್ಟ್ ಅವಧಿ ನೋಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ವೀಸಾ ನವೀಕರಣದ ಅರ್ಜಿ ನಡೆಯುತ್ತಿರುವಾಗ ದೇಶ ಬಿಟ್ಟರೆ ಅರ್ಜಿಯೇ ಬಿದ್ದುಹೋಗುವ ಸಂದರ್ಭಗಳಿವೆ. ಮರಳಿ ಬರಲು ಮುಂಗಡ ಅನುಮತಿ ಬೇಕೇ, ತುರ್ತು ಅನುಮತಿ ಯಾರಿಂದ ಸಿಗುತ್ತದೆ ಎಂಬುದನ್ನು ಸಮಾಧಾನದಲ್ಲಿರುವಾಗಲೇ ತಿಳಿದುಕೊಳ್ಳಿ. ಹೋಗಲು ಆಗದೇ ಹೋಗುವ ಸಾವುಗಳೂ ಇರುತ್ತವೆ. ಆಗ ಮರುದಿನವೇ ಕೆಲಸಕ್ಕೆ ಹೋಗಿ ಕೂರಬೇಡಿ. ರಜೆ ಕೇಳಿ, ನಿಮ್ಮ ಪದ್ಧತಿ ಏನಿದೆಯೋ ಅದನ್ನು ಇದ್ದಲ್ಲಿಯೇ ಮಾಡಿ, ನಾಲ್ಕು ಜನರನ್ನು ಮನೆಗೆ ಕರೆಯಿರಿ. ನೋಡದ ಸಾವನ್ನು ಮನಸ್ಸು ಬೇಗ ಒಪ್ಪುವುದಿಲ್ಲ.

ಮೊದಲ ಸಲ ಊರಿಗೆ ಹೋಗಿ ಬಂದಾಗ

ಊರಿಗೆ ಹೋದರೆ ಎಲ್ಲ ಸರಿಹೋಗುತ್ತದೆ ಎಂಬ ಆಸೆಯಲ್ಲಿ ಹೋಗಿ, ಅಲ್ಲೂ ಏನೋ ಒಂದು ಹೊಂದದೆ ವಾಪಸ್ ಬರುವವರು ಬಹಳ. ಸ್ನೇಹಿತರ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಹೆಸರುಗಳಿರುತ್ತವೆ. ನೀವು ಹೇಳುವ ಕಥೆಗೆ ಐದು ನಿಮಿಷಕ್ಕಿಂತ ಹೆಚ್ಚು ಯಾರೂ ಕಿವಿಗೊಡುವುದಿಲ್ಲ. 1963ರಲ್ಲಿ ಸಂಶೋಧಕರಾದ ಗಲಾಹಾರ್ನ್ ದಂಪತಿ, ಇಳಿದು ಏರುವ ಆ ರೇಖೆ ಊರಿಗೆ ಮರಳಿದಾಗ ಇನ್ನೊಮ್ಮೆ ಇಳಿಯುತ್ತದೆ ಎಂದು ಬರೆದದ್ದು ಇದನ್ನೇ. ಮೊದಲ ಭೇಟಿಯಲ್ಲಿ ಎಲ್ಲ ನೆಂಟರ ಮನೆಗೂ ಹೋಗುವ ಪಟ್ಟಿ ಹಾಕಬೇಡಿ. ಅರ್ಧ ದಿನಗಳನ್ನು ಖಾಲಿ ಬಿಡಿ. ಹೊಸ ಮನೆಗೆ ಹಿಂತಿರುಗಿದ ಮೇಲಿನ ಒಂದೆರಡು ವಾರ ಭಾರವಾಗಿರುತ್ತದೆ ಅಂತ ಗೊತ್ತಿದ್ದೇ ಹೋಗಿ. ಆ ವಾರಕ್ಕೆ ಇಲ್ಲಿಯ ಸ್ನೇಹಿತರ ಜೊತೆ ಒಂದು ಊಟ ಮೊದಲೇ ಗೊತ್ತು ಮಾಡಿಟ್ಟರೆ ಒಳ್ಳೆಯದು.

ಇಲ್ಲೇ ಇರುವುದೋ ವಾಪಸ್ ಹೋಗುವುದೋ ಎಂಬ ತೀರ್ಮಾನವನ್ನು ಆ ಎರಡು ವಾರದಲ್ಲಿ ಮಾಡಬೇಡಿ. ಮೊದಲ ಚಳಿಗಾಲದ ನಡುವೆಯೂ ಬೇಡ. ಕ್ಯಾಲೆಂಡರಿನಲ್ಲಿ ಒಂದು ದಿನಾಂಕ ಗುರುತಿಸಿ, ವರ್ಷ ತುಂಬಿದ ಮೇಲಿನದ್ದು. ಏನೇನು ಆಗಿದ್ದರೆ ಇರುತ್ತೇವೆ, ಏನು ಆಗದಿದ್ದರೆ ಹೋಗುತ್ತೇವೆ ಅಂತ ಈಗಲೇ ಬರೆದಿಡಿ. ಇಬ್ಬರಿದ್ದರೆ ಬೇರೆ ಬೇರೆ ಕಾಗದದಲ್ಲಿ ಬರೆಯಿರಿ, ಆಮೇಲೆ ಅದಲು ಬದಲು ಮಾಡಿ ಓದಿ. ಅಚ್ಚರಿಗಳು ಕಾದಿರುತ್ತವೆ.

ವಾಪಸ್ ಹೋಗುವುದು ಅಂತಾದರೆ ಅದನ್ನೂ ಅವಸರವಿಲ್ಲದೆ ಮಾಡಿ. ಪಿಂಚಣಿ ಮತ್ತು ಸಾಮಾಜಿಕ ಭದ್ರತೆಗೆ ಕಟ್ಟಿದ ದುಡ್ಡಿನ ದಾಖಲೆ ತೆಗೆದುಕೊಳ್ಳಿ. ಎರಡು ದೇಶಗಳ ನಡುವೆ ಒಪ್ಪಂದ ಇದ್ದರೆ ಆ ವರ್ಷಗಳು ಲೆಕ್ಕಕ್ಕೆ ಬರಬಹುದು. ಹೊರಡುವ ವರ್ಷ ಎರಡೂ ಕಡೆ ತೆರಿಗೆ ವಿವರ ಸಲ್ಲಿಸಬೇಕಾಗಬಹುದು. ಬಹಳ ದೇಶಗಳು ವರ್ಷದಲ್ಲಿ 183 ದಿನ ಇದ್ದವರನ್ನು ನಿವಾಸಿ ಅಂತ ಪರಿಗಣಿಸುತ್ತವೆ, ಆದ್ದರಿಂದ ಟಿಕೆಟ್ ಕಾದಿರಿಸುವ ಮೊದಲು ದಿನ ಎಣಿಸಿ. ಮಕ್ಕಳ ಶಾಲೆಯ ವರ್ಗಾವಣೆ ಪತ್ರ, ವೈದ್ಯಕೀಯ ದಾಖಲೆ, ಕೆಲಸದ ಪತ್ರ ಕೈಗೆ ಬರಲಿ. ಬ್ಯಾಂಕ್ ಖಾತೆಯನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ ಮುಚ್ಚಿ. ಮನೆಯ ಠೇವಣಿ, ತೆರಿಗೆ ಮರುಪಾವತಿ, ಕರೆಂಟ್ ಬಿಲ್ಲಿನ ಬಾಕಿ ಎಲ್ಲ ಬಂದು ಸೇರುವುದು ನೀವು ವಿಮಾನ ಹತ್ತಿ ಎಷ್ಟೋ ವಾರಗಳಾದ ಮೇಲೆ.